ಕೌದಿಯ ನಾಲ್ಕು ತುಂಡು

ಖಜೂರಿ, ತಾಲೂಕು ಆಳಂದ
೧೩ ಜನವರಿ ೨೦೨೫, ಸೋಮವಾರ

ಪ್ರೀತಿಯ ಅಣ್ಣಾ,

ಇನ್ನು ಮೇಲೆ ನಿನ್ನನ್ನು ಭಂತೇ ಎಂದೇ ಕರೆಯಬೇಕೆಂದು ಆಯಿ ಹೇಳುತ್ತಾಳೆ. ಭಿಕ್ಷುವಾಗಿ ಚೀವರ ಹೊದ್ದವನು ತಂಗಿಗೆ ಅಣ್ಣನೂ ಅಲ್ಲ, ಆಯಿಗೆ ಮೊಮ್ಮಗನೂ ಅಲ್ಲವಂತೆ. ಇರಲಿ, ಮುಂದಿನ ಸಲ ಹಾಗೆಯೇ ಬರೆಯುತ್ತೇನೆ. ಈ ಸಲ ಹೇಳಬೇಕಾದದ್ದು ಅಣ್ಣನಿಗೆ. ನಿನ್ನ ಆರೋಗ್ಯ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎರಡು ಪುಟ ಸುತ್ತಾಡಿ ಹಾಗೇ ಮುಗಿಸಿಬಿಡುತ್ತೇನೆ. ನಿನ್ನ ಹೀರ್ಯಾ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಸಾಯಲಿಲ್ಲ. ಹೋದ ಫೆಬ್ರವರಿಯಲ್ಲಿ ನಾನು ಬರೆದದ್ದು ಸುಳ್ಳು. ಭೂಸನೂರಿನ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು, ಒಂದೇ ಏಟು, ನರಳಲಿಲ್ಲ ಎಂದೆಲ್ಲ ಬರೆದಿದ್ದೆನಲ್ಲ, ಅದರಲ್ಲಿ ನಿಜವಾದದ್ದು ಸತ್ತ ಎಂಬುದೊಂದೇ. ಅವನು ವಾಂತಿ ಮಾಡಿ, ರಕ್ತಭೇದಿಯಾಗಿ ನಾಲ್ಕು ದಿನ ನರಳಿದ. ನೀರು ಕುಡಿದರೆ ವಾಂತಿ ಹೆಚ್ಚಾಗುತ್ತದೆ ಎಂದು ಓಣಿಯವರೆಲ್ಲ ಹೇಳಿದರು. ಎರಡನೆಯ ದಿನ ನಾನೇ ಅವನ ಮುಂದಿನಿಂದ ನೀರಿನ ಬೋಗುಣಿ ಎತ್ತಿ ಬಚ್ಚಲ ಕಟ್ಟೆಯ ಮೇಲಿಟ್ಟೆ. ಆಮೇಲೆ ಎರಡು ದಿನ ಅವನು ಆ ಕಟ್ಟೆಯನ್ನೇ ನೋಡುತ್ತ ಮಲಗಿದ್ದ. ದವಾಖಾನೆಗೆ ಒಯ್ಯಬಹುದಿತ್ತು. ತಾನೇ ಇಳಿಯುತ್ತದೆ ಎಂದುಕೊಂಡೆ. ನೀನು ಹೋಗುವಾಗ ಅಂಗೈಯಷ್ಟಿದ್ದ ನಾಯಿಮರಿ, ನನ್ನ ಕೈಯಲ್ಲಿಟ್ಟು ‘ಇಂವ ನಿನ್ನ ಜಿಮ್ಮಾ, ಸಂಗೀ’ ಎಂದಿದ್ದೆ. ಸಾಯುವಾಗ ಅವನಿಗೆ ಐದು ತಿಂಗಳು.

ಈಗ ಕೇಳುತ್ತೇನೆ, ಹೇಗಿದ್ದೀ? ಮಧ್ಯಾಹ್ನದ ಮೇಲೆ ಊಟವಿಲ್ಲವಂತೆ, ಹೊಟ್ಟೆ ಒಗ್ಗಿಕೊಂಡಿತೇ? ರಾತ್ರಿ ಎರಡೆರಡು ಸಲ ಎದ್ದು ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದವನು ನೀನು. ನೀನಿರುವ ವಿಹಾರದ ಕಡೆ ನಮ್ಮಲ್ಲಿಗಿಂತ ಚಳಿ ಹೆಚ್ಚೆಂದು ಅಪ್ಪನ ಟೈರ್ ಅಂಗಡಿಗೆ ಬರುವ ಲಾರಿಯವರು ಹೇಳುತ್ತಾರೆ. ಬೋಳಿಸಿದ ತಲೆಗೆ ಟೋಪಿ ಹಾಕಲು ಬಿಡುತ್ತಾರೋ ಇಲ್ಲವೋ ತಿಳಿಸು. ಇಲ್ಲಿ ಅಪ್ಪ ಚೆನ್ನಾಗಿದ್ದಾನೆ, ಮಂಡಿನೋವು ಹಾಗೇ ಇದೆ. ಆಯಿಗೆ ಕಣ್ಣಿನ ಪೊರೆ ದಪ್ಪವಾಗಿದೆ. ಮನುಷ್ಯರನ್ನು ಹೆಜ್ಜೆಯ ಸಪ್ಪಳದಿಂದ ಗುರುತಿಸುತ್ತಾಳೆ, ಬೈಯುವುದನ್ನು ಮಾತ್ರ ಸರಿಯಾದವರಿಗೇ ಬೈಯುತ್ತಾಳೆ. ನಾನು ಎಂದಿನಂತೆ. ಹತ್ತಿ ಬಿಡಿಸಲು ಹೋದೆ, ಬಿಟ್ಟೆ. ಹೊಲಿಗೆ ಕಲಿಯಲು ಹೋದೆ, ಬಿಟ್ಟೆ. ಒಂದು ಕಡೆ ಕುಳಿತರೆ ಅಂಗಾಲು ತುರಿಸುತ್ತದೆ.

ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಏಕೆ ಬಿಚ್ಚಿದೆ ಎಂದು ನೀನು ಕೇಳುತ್ತೀ. ಹೀರ್ಯಾ ಏಕೆ ಸತ್ತ ಎಂಬುದು ಈಗ ನನಗೆ ಗೊತ್ತಾಗಿದೆ. ಅದು ಅವನೊಂದಿಗೆ ಮುಗಿದಿಲ್ಲ ಎಂಬುದೂ ಗೊತ್ತಾಗಿದೆ. ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದು. ನಿನಗೆ ಅಲ್ಲಿ ತಾಳ್ಮೆಯನ್ನೇ ಕಲಿಸುತ್ತಾರಂತಲ್ಲ.

ಹೀರ್ಯಾ ಪ್ರಾಣ ಬಿಟ್ಟದ್ದು ಅವ್ವನ ಕೌದಿಯ ಮೇಲೆ. ಅವ್ವ ಭೀಮ ಜಯಂತಿಗೆ ಉಡುತ್ತಿದ್ದ ನೀಲಿ ಸೀರೆಯನ್ನು ನಡುವಿಗೆ ಹಾಕಿ ಹೊಲಿದದ್ದು ನಿನಗೆ ನೆನಪಿದೆ. ಚಳಿಯಿಂದ ನಡುಗುತ್ತಾನೆಂದು ನಾನೇ ಹೊದಿಸಿದ್ದೆ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಆಯಿ ಹೇಳಿದಳು: ‘ಸತ್ತದ್ದರ ಹಾಸಿಗಿ ಮನ್ಯಾಗ ಇಡಬಾರ್ದು, ಸುಟ್ಟ ಬಾ ಬೇ.’ ನಾನು ಕೌದಿ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಆಯಿಗೆ ಹೊಗೆಯ ವಾಸನೆ ಬರಲೆಂದು ತೊಗರಿ ಕಟ್ಟಿಗೆ ಉರಿಸಿದೆ. ಕೌದಿಯನ್ನು ವಾಷಿಂಗ್ ಸೋಡಾ ಹಾಕಿ ಒಗೆದು, ಫಿನೈಲ್ ನೀರಿನಲ್ಲಿ ಅದ್ದಿ, ಒಣಗಿಸಿ ಟ್ರಂಕಿನ ತಳದಲ್ಲಿಟ್ಟೆ. ಅವ್ವ ಹೋಗಿ ಆರು ವರ್ಷ. ಆ ನೀಲಿಯೊಂದೇ ಉಳಿದಿತ್ತು. ಒಳಗೆ ಬಂದು ‘ಸುಟ್ಟೆ’ ಎಂದೆ. ಊರಿನಲ್ಲಿ ನನ್ನ ನಾಲಿಗೆಗೆ ಹೆದರುವವರು ಬಹಳ. ಅಳತೆಯಲ್ಲಿ ಮೋಸ ಮಾಡುವ ಕಿರಾಣಿಯವನಿಗೂ, ಪಾಠ ಮಾಡದ ಮಾಸ್ತರರಿಗೂ ಮುಖದ ಮೇಲೆ ಹೇಳಿದವಳು ನಾನು. ಶಾಲೆ ಬಿಟ್ಟದ್ದೂ ಅದೇ ಬಾಯಿಂದ. ಅಂಥವಳು ಒಂದೇ ವಾರದಲ್ಲಿ ಎರಡು ಸುಳ್ಳು ಹೇಳಿದೆ, ಒಂದು ನಿನಗೆ, ಒಂದು ಆಯಿಗೆ. ಸುಳ್ಳಾಡೆನು ಎಂಬ ನಾಲ್ಕನೆಯ ಶೀಲ ಹೇಳುವಾಗೆಲ್ಲ ನಾನು ಬರೀ ತುಟಿ ಆಡಿಸುತ್ತೇನೆ.

ನವೆಂಬರಿನಲ್ಲಿ ಚಂಪಿ ನಮ್ಮ ಹಿತ್ತಲಿನ ಹೊಟ್ಟಿನ ಕೊಟ್ಟಿಗೆಯಲ್ಲಿ ಈದಳು. ಚಂಪಿ ಯಾರ ನಾಯಿಯೂ ಅಲ್ಲ, ಲಾರಿ ನಿಲ್ಲುವ ಧಾಬಾದ ಹತ್ತಿರ ಬೆಳೆದವಳು. ಐದು ಮರಿ. ಚಳಿ ಬಿದ್ದಿತ್ತು. ಟ್ರಂಕು ತೆಗೆದು ಕೌದಿ ಹಾಸಿದೆ. ಆಯಿಗೆ ಕಾಣಿಸುವುದಿಲ್ಲವಲ್ಲ. ನಲವತ್ತೈದು ದಿನಕ್ಕೆ ಮೂರು ಮರಿಗಳನ್ನು ಕೇಳಿದವರಿಗೆ ಕೊಟ್ಟೆ. ಒಂದು ಅಫಜಲಪುರದ ಮರೆಮ್ಮ ಚಿಗವ್ವನಿಗೆ. ಒಂದು ಜೇವರ್ಗಿಗೆ, ಪ್ರಮಿಲಾ ಮೇಡಮ್ಮರಿಗೆ. ನನಗೆ ವಿಜ್ಞಾನ ಕಲಿಸುತ್ತಿದ್ದವರು, ಶಾಲೆ ಬಿಟ್ಟಾಗ ಎರಡು ಸಲ ಸ್ಕೂಟಿಯಲ್ಲಿ ಬಾಗಿಲವರೆಗೆ ಬಂದು ಕರೆದವರು, ಈಗ ಅಲ್ಲಿಗೆ ವರ್ಗವಾಗಿದ್ದಾರೆ. ಇನ್ನೊಂದು ನಿಂಬರ್ಗಾಕ್ಕೆ, ಅವ್ವನ ಅಣ್ಣ ಹುಲೆಪ್ಪ ಮಾವನಿಗೆ. ಮಾವ ತೊಗರಿ ಹೊಲ ಕಾಯುತ್ತಾ ಒಬ್ಬನೇ ಇರುತ್ತಾನೆ. ಮೂರನ್ನೂ ನಾನೇ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ನನಗೆ ಬಸ್ಸು ಹತ್ತಲು ನೆಪ ಸಿಕ್ಕರೆ ಸಾಕು. ಮರಿ ಕೊಡುವಾಗ ಅದರ ತಾಯಿ ಮಲಗಿದ ಬಟ್ಟೆಯ ತುಂಡೊಂದನ್ನು ಜೊತೆಗೆ ಕೊಡುವುದು ನಮ್ಮ ಮನೆಯ ರೂಢಿ, ನಿನಗೆ ಗೊತ್ತು. ‘ತಾಯಿ ವಾಸನಿ ಜೋಡಿ ಹೋದ್ರ ಮರಿ ಅಳಾಂಗಿಲ್ಲ’ ಎಂದು ಆಯಿ ಈ ಸಲವೂ ನೆನಪಿಸಿದಳು. ನಾನು ಅವ್ವನ ಕೌದಿಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದೆ. ಒಂದು ನಮ್ಮಲ್ಲಿ ಉಳಿದ ಎರಡು ಮರಿಗಳಿಗೆ, ಮೂರು ಮೂರು ಊರಿಗೆ. ನಡುವಿನ ನೀಲಿ ಇರುವ ತುಂಡನ್ನು ಹುಲೆಪ್ಪ ಮಾವನಿಗೆ ಕೊಟ್ಟೆ. ತವರಿನದು ತವರಿಗೆ ಹೋಗಲಿ ಎನಿಸಿತು.

ಎಳ್ಳಮಾವಾಸ್ಯೆಯ ಮರುದಿನ ಮನೆಯ ಎರಡು ಮರಿಗಳಲ್ಲಿ ಬೂದ್ಯಾ ಊಟ ಬಿಟ್ಟ. ಹೊಲಕ್ಕೆ ಹೋಗಿದ್ದವರೆಲ್ಲ ಉಳಿದ ಭಜ್ಜಿ, ಸಜ್ಜೆ ಕಡುಬು ತಂದು ಮರಿಗಳಿಗೆ ಹಾಕಿದ್ದರು. ಅಜೀರ್ಣ ಎಂದರು ಎಲ್ಲರೂ. ಸಂಜೆ ನೊರೆನೊರೆ ವಾಂತಿ. ಮರುದಿನ ಬೆಳಗ್ಗೆ ಭೇದಿಯಲ್ಲಿ ರಕ್ತ. ಅಣ್ಣಾ, ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕಬ್ಬಿಣದ ತುಕ್ಕೂ ಕೊಳೆತ ಮಾಂಸವೂ ಸೇರಿದಂಥದ್ದು. ಅದು ಮೂಗಿಗೆ ಬಡಿದದ್ದೇ ಹೀರ್ಯಾ ಕಣ್ಣ ಮುಂದೆ ಬಂದ. ಆಯಿ ಒಳಗಿನಿಂದಲೇ ‘ನೀರ ತಗೀ ಬೇ’ ಎಂದಳು. ನಾನು ತೆಗೆಯಲಿಲ್ಲ. ಎರಡೂ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಅಪ್ಪನ ಅಂಗಡಿಯಲ್ಲಿ ಟೈರು ಬದಲಿಸಿಕೊಂಡು ಹೊರಟಿದ್ದ ಲಾರಿಯಲ್ಲಿ ಆಳಂದದ ದನದ ದವಾಖಾನೆಗೆ ಹೋದೆ.

ಅಲ್ಲಿಯ ಡಾಕ್ಟರು ಒಬ್ಬ ಹೆಂಗಸು, ನೀತಾ ಎಂದು ಹೆಸರು. ಬುಟ್ಟಿಯ ವಾಸನೆ ಬಂದದ್ದೇ ‘ಒಳಗ ತರಬ್ಯಾಡ! ಬೇವಿನ ಗಿಡದ ಕೆಳಗ ಕೂಡು, ನಾನ ಬರ್ತೇನಿ’ ಎಂದು ಕೂಗಿದರು. ನನಗೆ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಒಳಗೆ ಬೇರೆ ಮರಿಗಳಿದ್ದವು. ಅವರು ಬಂದು ಬೂದ್ಯಾನ ಕತ್ತಿನ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರು. ಅದು ಇಳಿಯಲಿಲ್ಲ, ಗುಡಾರದಂತೆ ನಿಂತೇ ಇತ್ತು. ಒಸಡನ್ನು ಒತ್ತಿದರು. ಬಿಳುಪಾದದ್ದು ಮತ್ತೆ ಕೆಂಪಾಗುವಷ್ಟರಲ್ಲಿ ನಾನು ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸಿದ್ದೆ. ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಎಂಬುದನ್ನು ಹೀಗೆ ಬೆರಳಿನಿಂದಲೇ ಓದುತ್ತಾರೆ. ನಾನು ನನ್ನ ಒಸಡನ್ನೂ ಒತ್ತಿ, ಮೊಬೈಲನ್ನೇ ಕನ್ನಡಿ ಮಾಡಿಕೊಂಡು ನೋಡಿಕೊಂಡೆ. ಡಾಕ್ಟರು ನಕ್ಕರು. ‘ಏನ್ ನೋಡ್ತಿ?’ ‘ಬದುಕಿದವರದು ಹೆಂಗಿರ್ತದ ಅಂತ ನೋಡಾಕತ್ತೇನಿ’ ಎಂದೆ.

ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಮಲ ತೆಗೆದು, ಒಂದು ಸಣ್ಣ ಶೀಶೆಯ ನೀರಿನಲ್ಲಿ ಅದ್ದಿ ತಿರುವಿ, ಆ ನೀರಿನ ನಾಲ್ಕು ಹನಿಯನ್ನು ಪಟ್ಟಿಯ ಮೇಲೆ ಬಿಟ್ಟರು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡುತ್ತಿದ್ದರಲ್ಲ, ಅಂಥದ್ದೇ ಪಟ್ಟಿ. ಒಂದು ಗೆರೆ ಬಂದರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು, ಎರಡನೆಯದೂ ಬಂದರೆ ರೋಗ ಇದೆ ಎಂದು. ಹತ್ತು ನಿಮಿಷ. ಮೊದಲ ಗೆರೆ ಬೇಗ ಬಂತು. ಎರಡನೆಯದು ಬರುತ್ತದೋ ಇಲ್ಲವೋ ಎಂದು ನಾನು ಪಟ್ಟಿಯ ಮೇಲೇ ಬಾಗಿದ್ದೆ. ನೆರಳಿನಂತೆ ಒಂದು ಗೆರೆ ಎದ್ದಿತು. ‘ಇದು ಮಸುಕದ, ಗೆರಿ ಅಲ್ಲೇನೋ ಮೇಡಂ’ ಎಂದೆ. ‘ಮಸುಕಿದ್ರೂ ಗೆರಿ ಗೆರಿನ. ಗೆರಿ ಬರದಿದ್ರೂ ನಾ ಇಲ್ಲ ಅಂತ ಹೇಳ್ತಿದ್ದಿಲ್ಲ, ಮೊದಲ ದಿನ ಕೆಲವೊಮ್ಮೆ ತೋರಸಾಂಗಿಲ್ಲ. ಇದು ಪಾರ್ವೋ.’ ರೋಗದ ಹೆಸರು ನಾನು ಕೇಳಿದ್ದು ಅದೇ ಮೊದಲು. ಹನ್ನೊಂದು ತಿಂಗಳು ನನ್ನೊಳಗೆ ಹೆಸರಿಲ್ಲದೆ ಕುಳಿತದ್ದಕ್ಕೆ ಎರಡಕ್ಷರದ ಹೆಸರಿತ್ತು.

ಆಗ ಅವರು ಕೇಳಿದರು: ‘ನಿಮ್ಮ ಮನ್ಯಾಗ ಈ ಹಿಂದ ಯಾವ್ದರ ನಾಯಿ ಹಿಂಗ ಸತ್ತಿತ್ತೇನು?’ ಟ್ರ್ಯಾಕ್ಟರಿನ ಕಥೆ ನಾಲಿಗೆಯ ತುದಿಯವರೆಗೆ ಬಂತು, ಅಭ್ಯಾಸವಾಗಿತ್ತಲ್ಲ. ನುಂಗಿಕೊಂಡೆ. ಎಲ್ಲ ಹೇಳಿದೆ, ಬೋಗುಣಿಯನ್ನೂ ಕೌದಿಯನ್ನೂ. ಮೊದಲು ಹೇಳಿದ್ದು ಒಬ್ಬ ಅಪರಿಚಿತ ಡಾಕ್ಟರಿಗೆ, ಬೇವಿನ ಗಿಡದ ಕೆಳಗೆ, ಅಣ್ಣನಾದ ನಿನಗಲ್ಲ. ಇದನ್ನು ಕ್ಷಮಿಸು. ಈ ವೈರಸ್ಸು ಮಣ್ಣಿನಲ್ಲಿ, ಬಟ್ಟೆಯಲ್ಲಿ ವರ್ಷದ ಮೇಲೂ ಬದುಕಿರುತ್ತದಂತೆ. ಸೋಡಾಕ್ಕೂ ಫಿನೈಲಿಗೂ ಅಂಜುವುದಿಲ್ಲವಂತೆ. ಅದಕ್ಕೆ ಬ್ಲೀಚಿಂಗೇ ಬೇಕು. ಹಾಗಾದರೆ ಮರಿಗಳು ಹುಟ್ಟಿದಂದಿನಿಂದ ಆ ಕೌದಿಯ ಮೇಲೇ ಮಲಗಿದ್ದವಲ್ಲ, ಐವತ್ತು ದಿನ ಏನೂ ಆಗದೆ ಈಗ ಏಕಾಯಿತು ಎಂದು ಕೇಳಿದೆ. ‘ಛಲೋ ಕೇಳಿದಿ’ ಎಂದರು. ತಾಯಿಯ ಮೊದಲ ಹಾಲಿನಲ್ಲಿ ಕಾವಲು ಇರುತ್ತದಂತೆ. ಬೀದಿಯಲ್ಲಿ ಬೆಳೆದ ಚಂಪಿ ಈ ರೋಗವನ್ನು ಎಂದೋ ಗೆದ್ದವಳಿರಬೇಕು, ಅದನ್ನೇ ಮರಿಗಳಿಗೂ ಕುಡಿಸಿದ್ದಾಳೆ. ಆ ಕಾವಲು ಆರೇಳು ವಾರದಿಂದ ತೆಳುವಾಗುತ್ತಾ ಹೋಗುತ್ತದೆ. ಆ ಹೊತ್ತಿಗೆ ಲಸಿಕೆ ಬೀಳಬೇಕು, ಅದೂ ಒಂದೇ ಸಲವಲ್ಲ, ಮೂರು ನಾಲ್ಕು ವಾರಕ್ಕೊಮ್ಮೆ ಮರಿಗೆ ನಾಲ್ಕು ತಿಂಗಳಾಗುವವರೆಗೆ. ತಾಯಿಯದು ಎಂದು ಮುಗಿಯಿತು, ಲಸಿಕೆಯದು ಎಂದು ಹಿಡಿಯಿತು ಎಂದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕುವುದು. ಇದನ್ನು ಕೇಳಿದಾಗಿನಿಂದ ನಾನು ಬಹಳ ಯೋಚಿಸಿದ್ದೇನೆ. ಅವ್ವ ಹೋದಾಗ ನನಗೆ ಹನ್ನೆರಡು.

ಚಿಕಿತ್ಸೆಯ ಬಗ್ಗೆ ನಾನು ತಿಳಿದುಕೊಂಡಿದ್ದೆಲ್ಲ ತಲೆಕೆಳಗಾಯಿತು. ಈ ವೈರಸ್ಸನ್ನು ಕೊಲ್ಲುವ ಔಷಧಿ ನಮ್ಮ ಕೈಯಲ್ಲಿಲ್ಲವಂತೆ. ಮುಂಗಾಲಿನ ರಕ್ತನಾಳಕ್ಕೆ ಸೂಜಿ ಕೂಡಿಸಿ ಸಲೈನ್ ಹಚ್ಚಿದರು, ವಾಂತಿ ನಿಲ್ಲಲು ಒಂದು ಇಂಜೆಕ್ಷನ್, ಹರಿದ ಕರುಳಿನಿಂದ ಬೇರೆ ಸೋಂಕು ನುಗ್ಗಬಾರದೆಂದು ಇನ್ನೊಂದು. ‘ಹಂಗಾದ್ರ ನಾವು ಮಾಡಾಕತ್ತಿದ್ದೇನ್ರಿ?’ ಎಂದೆ. ‘ಟೈಮ್ ಕೊಡಾಕತ್ತೇವಿ. ಮರೀನ ಹೊಡದಾಡಬೇಕು. ಅದು ಹೊಡದಾಡೂತನಕ ಒಣಗಿ ಸಾಯಬಾರ್ದು, ಅಷ್ಟ ನಮ್ಮ ಕೆಲಸ.’ ನೀರಿನ ಮಾತನ್ನೂ ಕೇಳಿದೆ, ಕೇಳದೆ ಇರಲಾಗಲಿಲ್ಲ. ವಾಂತಿ ಆಗುವಾಗ ಬಾಯಿಂದ ನೀರು ಕೊಡದಿರುವುದು ಪೂರ್ತಿ ತಪ್ಪಲ್ಲವಂತೆ. ಬಾಯಿಂದ ನಿಲ್ಲಿಸಿದ್ದನ್ನು ನರದಿಂದ ಕೊಡಬೇಕಿತ್ತು, ಅಷ್ಟೇ. ಓಣಿಯವರು ಅರ್ಧ ಸರಿ ಹೇಳಿದ್ದರು. ಹೀರ್ಯಾ ಸತ್ತದ್ದು ಉಳಿದರ್ಧದಲ್ಲಿ. ಇದರಿಂದ ಸಮಾಧಾನವಾಯಿತೋ ಇನ್ನಷ್ಟು ನೋವಾಯಿತೋ ನನಗೆ ಇನ್ನೂ ತಿಳಿದಿಲ್ಲ.

ಬೂದ್ಯಾ ಎರಡನೆಯ ದಿನ ಸಂಜೆ ಸತ್ತ. ಅಷ್ಟರಲ್ಲಿ ಅವನ ತಂಗಿ ಕರಿಯೂ ಮಲಗಿದ್ದಳು. ಆದರೆ ಅವಳಿಗೆ ಮೊದಲ ವಾಂತಿಗೇ ಸಲೈನ್ ಸಿಕ್ಕಿತ್ತು. ಐದು ದಿನ ಬೆಳಗ್ಗೆ ಲಾರಿ ಹತ್ತಿ ಆಳಂದಕ್ಕೆ ಒಯ್ದೆ. ಕಾಲಿನ ಸೂಜಿಯನ್ನು ಪಟ್ಟಿ ಸುತ್ತಿ ಹಾಗೇ ಬಿಟ್ಟಿದ್ದರು. ಸಂಜೆಯ ಬಾಟಲಿಯನ್ನು ಮನೆಯಲ್ಲಿ ಹೇಗೆ ಹಚ್ಚಬೇಕು, ಗಾಳಿ ಹೇಗೆ ತೆಗೆಯಬೇಕು, ಎಷ್ಟು ನಿಧಾನ ಬಿಡಬೇಕು ಎಂದು ಕಲಿಸಿದರು. ಅಪ್ಪ ತನ್ನ ಅಂಗಡಿಯ ಕೊಕ್ಕೆಯೊಂದನ್ನು ತಂದು ತೊಲೆಗೆ ಬಡಿದ, ಬಾಟಲಿ ಅದಕ್ಕೆ ತೂಗಿತು. ಆಯಿ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕರಿಯ ಹೊಟ್ಟೆಗೆ ಒತ್ತಿಡುತ್ತಿದ್ದಳು. ಹನಿ ಬೀಳುವುದು ಅವಳಿಗೆ ಕಾಣದು. ‘ಬೀಳಾಕತ್ತದೇನು? ಹೇಳ ಬೇ, ಬೀಳಾಕತ್ತದೇನು?’ ಎಂದು ಗಳಿಗೆಗೊಮ್ಮೆ. ಒಂದು ದಿನ ‘ಇದು ನಮಗ ಹತ್ತತದೇನು?’ ಎಂದು ಕೇಳಿದಳು. ಡಾಕ್ಟರಿಗೆ ನಾನೂ ಅದನ್ನೇ ಕೇಳಿದ್ದೆ. ಅವರ ಮಾತನ್ನೇ ಹೇಳಿದೆ: ಜಡ್ಡು ನಮಗಿಲ್ಲ, ಅದರ ಹಮಾಲಿ ಮಾತ್ರ ನಾವೇ ಮಾಡುತ್ತೇವೆ, ಕಾಲಿಗೆ ಚಪ್ಪಲಿಗೆ ಹಚ್ಚಿಕೊಂಡು. ಆ ಕ್ಷಣವೇ ಆಯಿಗೆ ಕೌದಿಯ ವಿಷಯವನ್ನೂ ಹೇಳಿದೆ. ಅವಳು ಕರಿಯ ಹೊಟ್ಟೆಗೆ ಒತ್ತಿಟ್ಟ ಬಾಟಲಿಯನ್ನು ಸರಿಮಾಡಿದಳು. ಆಮೇಲೆ ‘ಆವತ್ತಿನ ಹೊಗಿಯೊಳಗ ಅರಿವಿ ಸುಟ್ಟ ವಾಸನಿ ಇದ್ದಿದ್ದಿಲ್ಲ, ನನಗೂ ಮಾಲೂಮಿತ್ತು’ ಎಂದಳು. ಮಗನ ಹೆಂಡತಿಯ ಸೀರೆ ಅವಳಿಗೂ ಬೇಕಾಗಿತ್ತು ಅಣ್ಣಾ.

ನಾಲ್ಕನೆಯ ದಿನ ಕರಿ ತಲೆ ಎತ್ತಿದಳು. ಅರ್ಧ ದಿನ ವಾಂತಿ ಇಲ್ಲದಾಗ ಅನ್ನದ ಗಂಜಿಯನ್ನು ಸಿರಿಂಜಿನಲ್ಲಿ ಹನಿಹನಿಯಾಗಿ ಕೊಟ್ಟೆ. ಆರನೆಯ ದಿನ ಆಯಿಯ ಕೈಯೊಳಗಿನ ರೊಟ್ಟಿ ಕಸಿದಳು. ಆಯಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ನೀನು ಭಂತೆ.

ಕರಿಗೆ ಮೊದಲ ಸಲೈನ್ ಹಚ್ಚಿದಂದೇ ನನಗೆ ಊರೂರಿಗೆ ಕೊಟ್ಟ ಮರಿಗಳೂ ತುಂಡುಗಳೂ ನೆನಪಾಗಿದ್ದವು. ದವಾಖಾನೆಯ ಅಂಗಳದಿಂದಲೇ ಮೂರೂ ಕಡೆ ಫೋನು ಮಾಡಿದೆ. ಅಫಜಲಪುರದಲ್ಲಿ ಚಿಗವ್ವ ಅಳುತ್ತಿದ್ದಳು, ಮರಿ ಹಿಂದಿನ ದಿನವೇ ಸತ್ತಿತ್ತು. ಜೇವರ್ಗಿಯ ಮೇಡಮ್ಮರು ‘ಮರಿ ಆರಾಮದಲ್ಲ, ಯಾಕ?’ ಎಂದರು. ಹುಲೆಪ್ಪ ಮಾವನೂ ‘ಬೇಫಿಕರ್ ಇರು, ಹೊಲ ತುಂಬ ಓಡಾಡಾಕತ್ತದ’ ಎಂದ. ಕೌದಿಯ ತುಂಡು ಎಲ್ಲಿದೆ ಎಂದು ಕೇಳಿದರೆ, ಅದನ್ನು ಮರಿಗೆ ಹಾಕಲೇ ಇಲ್ಲವಂತೆ. ನೀಲಿ ನೋಡಿದ್ದೇ ಗುರುತು ಹಿಡಿದು ತನ್ನ ತಲೆದಿಂಬಿನ ಒಳಗೆ ಇಟ್ಟುಕೊಂಡಿದ್ದನಂತೆ. ಸುಟ್ಟುಬಿಡು ಮಾವಾ, ಕೈಮುಗಿಯುತ್ತೇನೆ ಎಂದೆ. ಸಂಜೆ ಮತ್ತೆ ಫೋನು ಮಾಡಿದಾಗ ‘ಸುಟ್ಟೆ’ ಎಂದ.

ಕರಿ ಎದ್ದ ಮೇಲೆ, ಚಪ್ಪಲಿಯನ್ನು ಬ್ಲೀಚಿಂಗ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಮೊನ್ನೆ ಶುಕ್ರವಾರ ಅಫಜಲಪುರಕ್ಕೆ ಹೋದೆ. ಪಂಚಾಯ್ತಿಯವರು ನೀರಿನ ಟಾಕಿಗೆ ಹಾಕುವ ಪುಡಿಯನ್ನೇ ಇಸಿದುಕೊಂಡು ಒಯ್ದಿದ್ದೆ. ಚಿಗವ್ವನ ಮಗಳು ಪಂಚಶೀಲಾ, ಆರು ವರ್ಷದವಳು, ಮರಿ ಸತ್ತ ಮೇಲೂ ಆ ತುಂಡನ್ನು ಬಗಲಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ನಾನು ಕೇಳಿದಾಗ ಕೊಡಲಿಲ್ಲ. ‘ಇದರಾಗ ಅಂವ ಅದಾನ’ ಎಂದಳು. ಅವಳು ಹೇಳಿದ್ದು ಸುಳ್ಳೆಂದು ಹೇಗೆ ಹೇಳಲಿ? ಕೊನೆಗೆ ಅವಳೇ ಒಲೆಗೆ ಹಾಕಿದಳು, ನನ್ನ ಕೈಯಲ್ಲಿ ಕೊಡಲಿಲ್ಲ. ಅಂಗಳ ತೊಳೆದೆವು. ಇನ್ನೊಂದು ಮರಿ ತರುವುದಿದ್ದರೆ ಲಸಿಕೆ ಪೂರ್ತಿ ಹಾಕಿದ ದೊಡ್ಡದನ್ನೇ ತರಬೇಕೆಂದು ಚಿಗವ್ವನಿಗೆ ಮೂರು ಸಲ ಹೇಳಿ ಬಂದೆ.

ಮರುದಿನ ಜೇವರ್ಗಿ. ಇದನ್ನು ನಿನಗೆ ಬರೆಯಲೇಬೇಕು. ಡಿಸೆಂಬರಿನಲ್ಲಿ ಮರಿ ಒಯ್ದಾಗ ಮೇಡಮ್ಮರು ಕೌದಿಯ ತುಂಡನ್ನು ಎರಡು ಬೆರಳಿನಲ್ಲಿ ಹಿಡಿದು, ಗೇಟಿನ ಹೊರಗೆ ಉರಿಯುತ್ತಿದ್ದ ಕಸಕ್ಕೆ ಎಸೆದಿದ್ದರು. ನನ್ನ ಕಿವಿ ಕೆಂಪಾಗಿತ್ತು. ಅವ್ವನ ಕೌದಿ. ಈಗ ಹೋಗಿ ನೋಡಿದರೆ ಮರಿ ಉಂಡು ಡೋಲಿನಂತೆ ದುಂಡಗಾಗಿದೆ! ಕಲಬುರಗಿಗೆ ಒಯ್ದು ಮೊದಲ ಲಸಿಕೆಯನ್ನೂ ಹಾಕಿಸಿದ್ದಾರೆ. ಅದನ್ನು ಉಳಿಸಿದ್ದು ಆ ಬೆಂಕಿಯೋ, ಲಸಿಕೆಯೋ? ಡಾಕ್ಟರನ್ನು ಕೇಳಿದಾಗ ‘ಮೂರು ಮನಿ ನೋಡಿ ಕಾನೂನು ಮಾಡಬ್ಯಾಡವಾ’ ಎಂದರು. ಸರಿಯೇ. ಆದರೆ ಇನ್ನೊಂದು ಪ್ರಶ್ನೆಯನ್ನು ಮೇಡಮ್ಮರ ಮುಂದೆಯೇ ಕೇಳಿದೆ, ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ. ‘ಮೇಡಂ, ಆವತ್ತ ನೀವು ಕೌದಿ ಸುಟ್ಟಿದ್ದು ಹೊಲಸಿತ್ತಂತ ಏನ್ರಿ, ನಮ್ಮ ಮನೀದಂತ ಏನ್ರಿ?’ ಅವರು ‘ಅಯ್ಯ, ಹೊಲಸಿತ್ತಲ್ಲವಾ’ ಎಂದು ಶುರು ಮಾಡಿದವರು ಅಲ್ಲಿಯೇ ನಿಂತರು. ಮರಿಯ ಬೆನ್ನು ಸವರುತ್ತಾ ಇದ್ದರು. ‘ಖರೇ ಹೇಳ್ಲೇನು? ನನಗೂ ಗೊತ್ತಿಲ್ಲ’ ಎಂದರು. ‘ಆವತ್ತ ಚಹಾ ಪೇಪರ್ ಕಪ್ಪಿನ್ಯಾಗ ಕೊಟ್ಟಿದ್ರಿ’ ಎಂದು ನಾನು ನೆನಪಿಸಿದೆ. ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಎರಡು ಪಿಂಗಾಣಿ ಕಪ್ಪಿನಲ್ಲಿ ಚಹಾ ತಂದು, ಒಂದನ್ನು ನನ್ನ ಮುಂದಿಟ್ಟು, ಎದುರಿಗೇ ಕುಳಿತು ಇನ್ನೊಂದನ್ನು ಕುಡಿದರು. ಸಕ್ಕರೆ ಜಾಸ್ತಿಯಾಗಿತ್ತು, ಅದನ್ನೂ ಹೇಳಿದೆ. ‘ನೀ ಸುಧಾರಿಸಾಂಗಿಲ್ಲ’ ಎಂದು ನಕ್ಕರು. ನೀನು ಇದ್ದಿದ್ದರೆ ಏನು ಹೇಳುತ್ತಿದ್ದೆಯೋ ತಿಳಿಯದು. ಆ ಬೆಂಕಿಗೆ ನಾನು ಋಣಿಯೋ, ಅದರ ಮೇಲೆ ನನಗಿನ್ನೂ ಸಿಟ್ಟೋ? ಎರಡೂ ಒಟ್ಟಿಗೆ ಇರಬಹುದೇ? ಅಲ್ಲಿ ದೊಡ್ಡ ಭಂತೆಗಳಿದ್ದಾರಲ್ಲ, ಕೇಳಿ ಬರೆ.

ನಮ್ಮ ಮನೆಯ ತುಂಡನ್ನು ನಿನ್ನೆ ನಾನೇ ಸುಟ್ಟೆ. ಈ ಸಲ ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅರಿವೆ ಸುಟ್ಟ ವಾಸನೆ ಅವಳಿಗೂ ಬಂತು. ಕೊಟ್ಟಿಗೆಗೆ, ಅಂಗಳಕ್ಕೆ, ಬುಟ್ಟಿಗೆ ಬ್ಲೀಚಿಂಗ್ ಹಾಕಿ ತಿಕ್ಕಿದ್ದೇನೆ, ಅಂಗೈ ಸುಲಿದಿದೆ. ನೀತಾ ಡಾಕ್ಟರು ‘ಹತ್ತನೇತ್ತಾ ಪರೀಕ್ಷಾ ಕಟ್ಟು, ಆಮ್ಯಾಲೆ ಪಶು ಡಿಪ್ಲೋಮಾ ಅದ, ನಿನ್ನಂಥ ತಲಿ ತಿನ್ನೋರು ಬೇಕು’ ಎನ್ನುತ್ತಾರೆ. ಅದರ ಬಗ್ಗೆ ನಿನಗೆ ಮಾತು ಕೊಡುವುದಿಲ್ಲ. ಕೊಟ್ಟು ಮುರಿದದ್ದು ಬಹಳ. ಆದರೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ್ದೇನೆ, ಇಲಿ ತಿಂದು ಉಳಿದವನ್ನು.

ಹೀರ್ಯಾನ ವಿಷಯಕ್ಕೆ ನೀನು ಸಿಟ್ಟು ಮಾಡಿಕೊಳ್ಳಬೇಕೆಂದರೆ ಮಾಡಿಕೋ. ಸಿಟ್ಟು ಬಿಡಬೇಕೆಂಬ ನಿಮ್ಮ ನಿಯಮವನ್ನು ನನಗಾಗಿ ಒಂದು ದಿನ ಮುರಿದರೂ ಅಡ್ಡಿಯಿಲ್ಲ. ಭಂತೆಗೆ ಆಶೀರ್ವಾದ ಮಾಡುವಂತಿಲ್ಲ, ನಮಸ್ಕಾರವನ್ನೇ ಮಾಡಬೇಕು ಎಂದು ಆಯಿಗೆ ಯಾರೋ ಹೇಳಿದ್ದಾರೆ. ಅದಕ್ಕೆ ಅವಳು ಚೀವರಕ್ಕೆ ನಮಸ್ಕಾರ, ಒಳಗಿರುವವನಿಗೆ ಆಶೀರ್ವಾದ ಎಂದು ಬರೆಸುತ್ತಿದ್ದಾಳೆ. ಅಪ್ಪ ‘ಹೊಟ್ಟಿಗಿ ತಿನ್ನು ಅಂತ ಬರಿ’ ಎಂದ, ಅಷ್ಟೇ. ಕರಿ ನನ್ನ ಚಪ್ಪಲಿ ಕಡಿಯುತ್ತಿದ್ದಾಳೆ.

ನಿನ್ನ ತಂಗಿ,
ಸಂಘಮಿತ್ರಾ

ಕಾಗದ ಮಡಚಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಓಡಿದ್ದರೆ ಮನ್ನಿಸು. ಈಗ, ಕೊನೆಯ ಬಸ್ಸು ಹೋದ ಮೇಲೆ, ಹುಲೆಪ್ಪ ಮಾವನ ಫೋನು ಬಂತು. ಮರಿ ನಿನ್ನೆಯಿಂದ ಊಟ ಬಿಟ್ಟಿದೆ, ಮಧ್ಯಾಹ್ನದಿಂದ ವಾಂತಿ. ತುಂಡನ್ನು ಅವನು ಸುಟ್ಟಿರಲಿಲ್ಲ. ಸುಡಬೇಕೆಂದು ದಿಂಬಿನಿಂದ ತೆಗೆದನಂತೆ, ಕಡ್ಡಿ ಗೀರಿದನಂತೆ, ಕೈ ಬರಲಿಲ್ಲವಂತೆ. ಹೊರಸಿನ ಮೇಲೆ ಇಟ್ಟ. ಅಂದಿನಿಂದ ಮರಿ ಅದರ ಮೇಲೇ ಮಲಗುತ್ತಿದೆ. ‘ನಿನಗ ಸುಳ್ಳ ಹೇಳಿದೆ ಮಗಳ’ ಎಂದು ಅತ್ತ. ಅವನನ್ನು ಬೈಯುವ ಬಾಯಿ ನನಗಿಲ್ಲ. ಡಾಕ್ಟರಿಗೆ ಫೋನು ಮಾಡಿದೆ, ಮರಿಯನ್ನು ಬೆಳಗ್ಗೆ ಎಷ್ಟು ಬೇಗ ಆದರೆ ಅಷ್ಟು ಬೇಗ ಆಳಂದಕ್ಕೆ ತಾ, ಸಲೈನ್ ತಯಾರು ಇಡುತ್ತೇನೆ ಎಂದರು. ಬುಟ್ಟಿ, ಬಿಸಿನೀರಿನ ಬಾಟಲಿ, ಬ್ಲೀಚಿಂಗ್ ಪುಡಿ, ಒಂದು ಕಡ್ಡಿಪೆಟ್ಟಿಗೆ ಚೀಲಕ್ಕೆ ಹಾಕಿದ್ದೇನೆ. ಆ ನೀಲಿಯನ್ನು ಮಾವನೂ ನಾನೂ ಕೂಡಿಯೇ ಸುಡುತ್ತೇವೆ, ಒಬ್ಬರಿಂದ ಆಗುವುದಿಲ್ಲ. ನಾಳೆ ಸಂಕ್ರಮಣ, ಬಸ್ಸುಗಳು ತುಂಬಿ ಬರುತ್ತವೆ. ಆದರೂ ನಸುಕಿನ ಮೊದಲ ಬಸ್ಸಿಗೆ ನಿಂಬರ್ಗಾಕ್ಕೆ ಹೊರಡುತ್ತೇನೆ.